ವಾರಕ್ಕೊಂದು ಓಟ, ವಾರಕ್ಕೊಂದು ಬಿಡುವು

ನಮ್ಮ ಜನ ಓಡುವುದರಲ್ಲಿ ಯಾರಿಗೂ ಹಿಂದಲ್ಲ. ಮೇಜುಗಳ ನಡುವೆ ಕಪ್ಪುಬಸಿ ಹಿಡಿದು ಬೆಳಗಿನಿಂದ ರಾತ್ರಿಯವರೆಗೆ ಹಾರಾಡುವ ಮಾಣಿ, ಲೋಕಲ್ ಗಾಡಿ ತಪ್ಪೀತೆಂದು ಸೇತುವೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿಯುವ ಪಾಳಿಯ ಕೆಲಸಗಾರ, ಇವರೆಲ್ಲ ದಿನಕ್ಕೆ ಎಷ್ಟು ಮೈಲಿ ಓಡುತ್ತಾರೆಂದು ಲೆಕ್ಕ ಇಟ್ಟವರಿಲ್ಲ. ಹಿಂದೆ ಗಿರಣಿಯ ಭೋಂಗಾ ಕೂಗಿದೊಡನೆ ಪರೇಲು, ಲಾಲ್‌ಬಾಗುಗಳ ಚಾಳುಗಳಿಂದ ಸಾವಿರಾರು ಕಾಲುಗಳು ಒಮ್ಮೆಗೇ ಹೊರಡುತ್ತಿದ್ದುವು. ಆದರೆ ಇವೆಲ್ಲ ಬೇರೆಯವರ ಗಡಿಯಾರಕ್ಕೆ ಓಡಿದ ಓಟಗಳು. ತನ್ನ ಸಂತೋಷಕ್ಕಾಗಿ, ತನ್ನ ಮೈಯ ಹಿತಕ್ಕಾಗಿ, ನಾಲ್ಕು ಜನ ಗೆಳೆಯರೊಡನೆ ನಗುತ್ತ ಓಡುವ ಓಟ ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ ದೊರೆತಿಲ್ಲ. ಅಂಥ ಓಟವೊಂದು ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದಿದೆ. ಅದರಿಂದ ನಾವು ಕಲಿಯತಕ್ಕದ್ದೇನು, ಅದರಲ್ಲಿ ಕೊರತೆಯಾಗಿ ಉಳಿದದ್ದೇನು ಎಂಬುದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಲಂಡನ್ ನಗರದ ನೈಋತ್ಯಕ್ಕೆ ಟೆಡ್ಡಿಂಗ್ಟನ್ ಎಂಬ ಭಾಗದ ಪಕ್ಕದಲ್ಲಿ ಬುಶಿ ಪಾರ್ಕ್ ಎಂಬ ವಿಶಾಲವಾದ ಉದ್ಯಾನವಿದೆ. ಒಂದು ಕಾಲಕ್ಕೆ ಅರಸರು ಬೇಟೆಯಾಡುತ್ತಿದ್ದ ಜಾಗ. ಈಗಲೂ ಅಲ್ಲಿ ಜಿಂಕೆಗಳು ಮೇಯುತ್ತವೆ. 2004ರ ಅಕ್ಟೋಬರ್ 2, ಶನಿವಾರ, ಅಂದರೆ ನಮ್ಮಲ್ಲಿ ಗಾಂಧಿ ಜಯಂತಿಯ ದಿನ, ಅಲ್ಲಿ 13 ಜನ ಸೇರಿ ಐದು ಕಿಲೋಮೀಟರು ಓಡಿದರು. ಅವರನ್ನು ಕರೆದವರು ಪಾಲ್ ಸಿಂಟನ್-ಹ್ಯೂಯಿಟ್ ಎಂಬವರು. ಆಗ ಅವರಿಗೆ ಕೆಲಸ ಹೋಗಿತ್ತು. ಕಾಲಿನ ಪೆಟ್ಟಿನಿಂದಾಗಿ ತಾವು ಓಡುವಂತೆಯೂ ಇರಲಿಲ್ಲ. ಗೆಳೆಯರ ಒಡನಾಟ ತಪ್ಪಬಾರದೆಂದು ಅವರು ಓಟವನ್ನು ಏರ್ಪಡಿಸಿ, ತಾವು ಗಡಿಯಾರ ಹಿಡಿದು ನಿಂತರು. ಸಹಾಯಕ್ಕೆ ನಾಲ್ಕಾರು ಜನ ಇದ್ದರು. ಮುಗಿಸಿದವರಿಗೆ ಕೊಡಲು ಬಿಲ್ಲೆಗಳಿಲ್ಲದೆ, ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ದೊರೆಯುವ ವಾಷರುಗಳ ಮೇಲೆ ಸಂಖ್ಯೆ ಒತ್ತಿ ಹಂಚಿದರು. ಓಟ ಮುಗಿದ ಮೇಲೆ ಎಲ್ಲರೂ ಹತ್ತಿರದ ಕಾಫಿ ಅಂಗಡಿಗೆ ಹೋಗಿ ಕುಳಿತರು. ಹೋಟೆಲು ಕಾರ್ಮಿಕರು ಇದನ್ನು ಗಮನಿಸಬೇಕು: ಇಂದಿಗೂ ಅಲ್ಲಿ ಓಟದ ನಂತರದ ಕಾಫಿ, ಓಟದಷ್ಟೇ ಮುಖ್ಯವೆಂದು ಗಣಿಸಲ್ಪಡುತ್ತದೆ.

ಮುಂದಿನ ಶನಿವಾರ ಮತ್ತೆ ಓಡಿದರು. ಅದರ ಮುಂದಿನ ಶನಿವಾರವೂ ಓಡಿದರು. ಎರಡು ವರ್ಷ ದಾಟಿ, 2007ರ ಜನವರಿಯಲ್ಲಿ ವಿಂಬಲ್ಡನ್ನಿನಲ್ಲಿ ಎರಡನೆಯ ಓಟ ಆರಂಭವಾಯಿತು. ಕ್ರಮೇಣ ಅದಕ್ಕೆ ಪಾರ್ಕ್‌ರನ್ ಎಂಬ ಹೆಸರು ನಿಂತಿತು. ಇಂದು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ, ಎರಡು ಸಾವಿರಕ್ಕೂ ಮಿಕ್ಕಿದ ಸ್ಥಳಗಳಲ್ಲಿ ವಾರವಾರವೂ ಈ ಓಟ ನಡೆಯುತ್ತದೆ. 2017ರ ನವೆಂಬರಿನಲ್ಲಿ ಇಂಗ್ಲೆಂಡಿನ ಹ್ಯಾವೆರಿಗ್ ಎಂಬ ಸೆರೆಮನೆಯ ಗೋಡೆಗಳ ಒಳಗೂ ಇದು ಆರಂಭವಾಯಿತು. 2018ರಲ್ಲಿ ಅಲ್ಲಿನ ಕುಟುಂಬ ವೈದ್ಯರ ಸಂಘ ಈ ಓಟದೊಡನೆ ಕೈಜೋಡಿಸಿ, ರೋಗಿಗಳಿಗೆ ಮಾತ್ರೆಯ ಜೊತೆಗೆ ಓಟದ ದಾರಿಯನ್ನೂ ತೋರಿಸುವ ಏರ್ಪಾಡು ಮಾಡಿತು.

ಇದರ ನಿಯಮಗಳು ಸರಳ. ಹಣ ಕೊಡಬೇಕಾಗಿಲ್ಲ. ಒಂದು ಸಾರಿ ಹೆಸರು ನೋಂದಾಯಿಸಿದರೆ ಜೀವಮಾನಕ್ಕೆ ಸಾಕು. ಓಡಬಹುದು, ನಡೆಯಬಹುದು, ನಡುನಡುವೆ ನಿಂತು ಉಸಿರೆಳೆದುಕೊಳ್ಳಬಹುದು. ಎಲ್ಲರಿಗಿಂತ ಹಿಂದೆ ನಡೆದು ಬರಲೆಂದೇ ಒಬ್ಬ ಸ್ವಯಂಸೇವಕನನ್ನು ನೇಮಿಸಿರುತ್ತಾರೆ. ಗುರಿ ಮುಟ್ಟುವವರಲ್ಲಿ ಕೊನೆಯವನು ಅವನೇ. ಆದುದರಿಂದ ‘ನಾನು ಕೊನೆಯವನಾದೇನು, ಜನ ನಕ್ಕಾರು’ ಎಂಬ ನಾಚಿಕೆಗೆ ಎಡೆಯೇ ಇಲ್ಲ. ಗಡಿಯಾರ ಹಿಡಿಯುವವರು, ದಾರಿ ತೋರಿಸುವವರು, ಬಿಲ್ಲೆ ಹಂಚುವವರು ಎಲ್ಲರೂ ಆಯಾ ಊರಿನ ಓಟಗಾರರೇ. ಈ ವಾರ ಓಡಿದವನು ಮುಂದಿನ ವಾರ ಗಡಿಯಾರ ಹಿಡಿಯುತ್ತಾನೆ. ಸಂಘ ಎಂದರೆ ಹೀಗಿರಬೇಕು.

ಇನ್ನು ಮೋಜಿನ ಮಾತು. ವಾರವಾರವೂ ಅದೇ ದಾರಿಯಲ್ಲಿ ಅದೇ ಐದು ಕಿಲೋಮೀಟರು ಓಡಿದರೆ ಬೇಸರ ಬಾರದೇ ಎಂದು ಯಾರಾದರೂ ಕೇಳಬಹುದು. ಬೇಸರ ಕಳೆಯುವುದಕ್ಕೆ ಓಟಗಾರರು ತಾವು ತಾವೇ ಹಲವು ಪಣಗಳನ್ನು ಹೂಡಿಕೊಂಡಿದ್ದಾರೆ. ಇವನ್ನು ಮೇಲಿನವರು ಹೇರಿದ್ದಲ್ಲ. ಓಡುವವರ ಹರಟೆಯಲ್ಲಿ ಹುಟ್ಟಿ ಬಾಯಿಂದ ಬಾಯಿಗೆ ಹಬ್ಬಿದವು.

ಒಂದು ಪಣ ನಮ್ಮ ಹೌಸಿ ಆಟದ ಹಾಗೆ. ಓಟ ಮುಗಿಸಿದಾಗ ಗಡಿಯಾರ 31 ನಿಮಿಷ 7 ಸೆಕೆಂಡು ತೋರಿಸಿತೆನ್ನಿ. ಆಗ ಚೀಟಿಯಲ್ಲಿ 7ಕ್ಕೆ ಗೆರೆ ಹೊಡೆಯಬೇಕು. ಮುಂದಿನ ವಾರ 30 ನಿಮಿಷ 42 ಸೆಕೆಂಡು ಆದರೆ 42ಕ್ಕೆ ಗೆರೆ. ಹೀಗೆ ಸೊನ್ನೆಯಿಂದ 59ರವರೆಗಿನ ಅರವತ್ತು ಸಂಖ್ಯೆಗಳೂ ಮುಗಿಯಬೇಕು. ಮೊದಮೊದಲು ಪ್ರತಿ ವಾರವೂ ಹೊಸ ಸಂಖ್ಯೆ ಬೀಳುತ್ತದೆ. ಕೊನೆಯ ನಾಲ್ಕೈದಕ್ಕೆ ವರ್ಷಗಳೇ ಹಿಡಿಯುತ್ತವೆ. ಗುರಿಯ ಗೆರೆಯ ಮುಂದೆ ನಿಂತು, ತನಗೆ ಬೇಕಾದ ಸೆಕೆಂಡಿಗಾಗಿ ಕಾದು ದಾಟಿದರೆ ಅದು ಮೋಸ ಹೌದೋ ಅಲ್ಲವೋ ಎಂದು ಕಾಫಿಯ ಮೇಜಿನಲ್ಲಿ ವಾದ ನಡೆಯುವುದೂ ಉಂಟು. ಇನ್ನೊಂದು ಪಣ ಅಕ್ಷರಮಾಲೆಯದು. ಇಂಗ್ಲಿಷಿನ ಒಂದೊಂದು ಅಕ್ಷರದಿಂದ ಆರಂಭವಾಗುವ ಒಂದೊಂದು ಊರಿನಲ್ಲಿ ಓಡಬೇಕು. ಎಕ್ಸ್ ಅಕ್ಷರದ ಊರು ಇಲ್ಲವಾದ್ದರಿಂದ ಅದಕ್ಕೆ ಮಾಫಿ. ಜೆಡ್ ಅಕ್ಷರಕ್ಕಾಗಿ ಬ್ರಿಟನ್ನಿನಿಂದ ಪೋಲೆಂಡಿನವರೆಗೆ ಪ್ರಯಾಣ ಮಾಡಿದವರುಂಟು! ಮೂರನೆಯದು ಎಣಿಕೆ: 25, 50, 100, 250, 500 ಓಟಗಳನ್ನು ಮುಗಿಸಿದವರು ಆಯಾ ಎಣಿಕೆಗೆ ಗೊತ್ತಾದ ಬಣ್ಣದ ಅಂಗಿ ತೊಡಬಹುದು. ಸ್ವಯಂಸೇವೆ ಮಾಡಿದ್ದಕ್ಕೂ ಹಾಗೆಯೇ ಎಣಿಕೆಯುಂಟು, ಅಂಗಿಯುಂಟು.

ಮೇಲಿಂದ ನೋಡಿದರೆ ಇದು ಮಕ್ಕಳಾಟ. ಆದರೆ ಇದರಲ್ಲಿ ಒಂದು ದೊಡ್ಡ ತತ್ತ್ವವಿದೆ. ಸೆಕೆಂಡುಗಳ ಹೌಸಿಯಲ್ಲಿ ಹದಿನೆಂಟು ನಿಮಿಷದಲ್ಲಿ ಓಡಿ ಮುಗಿಸುವ ತರುಣನಿಗೂ, ಐವತ್ತು ನಿಮಿಷ ನಡೆದು ಬರುವ ಅಜ್ಜಿಗೂ ಗೆಲ್ಲುವ ಅವಕಾಶ ಸರಿಸಮಾನ. ಎಣಿಕೆಯ ಪಣದಲ್ಲಿ ವೇಗಕ್ಕೆ ಬೆಲೆಯಿಲ್ಲ, ತಪ್ಪದೆ ಬಂದದ್ದಕ್ಕೆ ಬೆಲೆ. ನಮ್ಮ ಕ್ರೀಡಾಕೂಟಗಳನ್ನು ನೆನೆದು ನೋಡಿ: ವರ್ಷಕ್ಕೊಂದು ದಿನ, ಮೂರು ಬಹುಮಾನ, ಓಡಿದವರು ಮೂವತ್ತು ಜನ, ನೋಡಿದವರು ಮುನ್ನೂರು ಜನ. ಬಹುಮಾನ ಬಾರದ ಇಪ್ಪತ್ತೇಳು ಜನ ಮರುವರ್ಷ ಓಡುವುದಿಲ್ಲ. ನೋಡಿದ ಮುನ್ನೂರು ಜನ ಎಂದೂ ಓಡಿದವರಲ್ಲ. ಪಾರ್ಕ್‌ರನ್ನಿನಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. ಆರಂಭದ ವರ್ಷಗಳಲ್ಲಿ ಅಲ್ಲಿ ಓಟ ಮುಗಿಸುವ ಸರಾಸರಿ ಸಮಯ 22 ನಿಮಿಷದ ಸುಮಾರಿಗಿತ್ತು. ಈಗ ಅದು 30 ನಿಮಿಷ ದಾಟಿದೆ. ನಿಧಾನವಾಯಿತೆಂದು ಅವರು ನಾಚುವುದಿಲ್ಲ. ಓಡಲಾರೆವೆಂದು ಮನೆಯಲ್ಲಿ ಕುಳಿತಿದ್ದವರು ಹೊರಗೆ ಬಂದರೆಂದು ಹೆಮ್ಮೆಪಡುತ್ತಾರೆ. 2024ರ ಫೆಬ್ರುವರಿಯಲ್ಲಿ ವೇಗದ ದಾಖಲೆಗಳ ಪಟ್ಟಿಗಳನ್ನು ಪ್ರಕಟಣೆಯಿಂದ ತೆಗೆದುಹಾಕಿದಾಗ ಅಲ್ಲಿ ದೊಡ್ಡ ಗದ್ದಲವೇ ಆಯಿತು. ವೇಗವಾಗಿ ಓಡುವವನ ಸಾಧನೆಯನ್ನು ಮರೆಮಾಡುವುದೇಕೆ ಎಂಬ ಅವರ ದೂರಿನಲ್ಲೂ ನ್ಯಾಯವಿದೆ. ಚೆನ್ನಾಗಿ ಓಡುವವನಿಗೆ ಚಪ್ಪಾಳೆ ಬೀಳಲೇಬೇಕು. ಆದರೆ ಆ ಚಪ್ಪಾಳೆಯ ಸದ್ದಿಗೆ ಉಳಿದವರು ಹೆದರಿ ಮೂಲೆ ಸೇರಬಾರದು.

ಹಣದ ಪ್ರಶ್ನೆಗೂ ಅವರು ಗಟ್ಟಿಯಾಗಿ ನಿಂತದ್ದುಂಟು. 2016ರಲ್ಲಿ ಬ್ರಿಸ್ಟಲ್ ನಗರದ ಬಳಿಯ ಸ್ಟೋಕ್ ಗಿಫರ್ಡ್ ಎಂಬಲ್ಲಿನ ಸ್ಥಳೀಯ ಪಂಚಾಯತಿಯು, ಉದ್ಯಾನದ ದಾರಿ ಸವೆಯುತ್ತದೆ, ಓಟದವರು ಹಣ ಕೊಡಬೇಕು ಎಂದು ಗೊತ್ತುವಳಿ ಮಾಡಿತು. ಓಡುವವರಿಂದ ಕಾಸು ವಸೂಲು ಮಾಡಲಾರೆವೆಂದು ಓಟದವರು ಹೇಳಿದರು. ಆ ಉದ್ಯಾನದಲ್ಲಿ ಓಟ ನಿಂತೇಹೋಯಿತು. ಒಂದು ಕಡೆ ಕಾಸು ತೆಗೆದುಕೊಂಡರೆ ಎಲ್ಲ ಕಡೆಯೂ ತೆಗೆದುಕೊಳ್ಳಬೇಕಾದೀತು, ಕಾಸಿಲ್ಲದವನು ಬಾಗಿಲಲ್ಲೇ ನಿಲ್ಲಬೇಕಾದೀತು ಎಂಬುದು ಅವರ ಭಯ. ಅದು ಸುಳ್ಳು ಭಯವಲ್ಲ. ನಮ್ಮ ಮುಂಬಯಿಯ ಮ್ಯಾರಥಾನ್ ಓಟವೂ ಆರಂಭವಾದದ್ದು ಅದೇ 2004ರಲ್ಲಿ, ಫೆಬ್ರುವರಿ ತಿಂಗಳಲ್ಲಿ. ಅದರಿಂದ ನಗರಕ್ಕೆ ಕೀರ್ತಿ ಬಂದಿದೆ, ಧರ್ಮಕಾರ್ಯಗಳಿಗೆ ಹಣ ಕೂಡಿದೆ, ಇಲ್ಲವೆನ್ನುವುದು ಅನ್ಯಾಯ. ಆದರೆ ಅದರ ಪ್ರವೇಶ ಶುಲ್ಕ ಸಾವಿರ ರೂಪಾಯಿಗೆ ಮೀರಿದ್ದು. ಅದಕ್ಕೆ ತಕ್ಕ ಬೂಟು, ಅಂಗಿ, ಕೈಗಡಿಯಾರ ಬೇರೆ. ಊರಿಗೆ ಮನಿಯಾರ್ಡರು ಕಳಿಸುತ್ತಿದ್ದ ಕಾಲ ಹೋಗಿ ಫೋನಿನಲ್ಲೇ ಹಣ ಕಳಿಸುವ ಕಾಲ ಬಂದಿದ್ದರೂ, ಸಂಬಳದಲ್ಲಿ ಉಳಿಯುವುದು ಹಿಂದಿನಷ್ಟೇ ಇರುವ ಮನುಷ್ಯ ಓಡುವುದಕ್ಕೆ ಸಾವಿರ ರೂಪಾಯಿ ಎಲ್ಲಿಂದ ತಂದಾನು? ಗಿರಣಿಗಳಿದ್ದ ನೆಲದಲ್ಲಿ ಇಂದು ಮಾಲುಗಳೂ ಗೋಪುರಗಳೂ ಎದ್ದಿವೆ. ಮೈ ಸವೆಸಿ ದುಡಿದ ಜಾಗದಲ್ಲೇ ಈಗ ಮೈ ಬೆಳೆಸುವುದಕ್ಕೆ ತಿಂಗಳ ಶುಲ್ಕ ಕೊಡಬೇಕಾಗಿದೆ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಪಾರ್ಕ್‌ರನ್ನಿಗೆ ಕಾಸಿಲ್ಲ, ಬಾಗಿಲು ಎಲ್ಲರಿಗೂ ತೆರೆದಿದೆ. ಆದರೂ ಇಂಗ್ಲೆಂಡಿನಲ್ಲೇ ಬಡ ಬಡಾವಣೆಗಳಿಂದ ಬಂದು ಓಡುವವರು, ಅನುಕೂಲಸ್ಥರ ಬಡಾವಣೆಗಳವರಿಗಿಂತ ಕಡಿಮೆ ಎಂದು ಅಲ್ಲಿನ ಸಂಶೋಧಕರು ಕಂಡುಕೊಂಡಿದ್ದಾರೆ. ಕಾರಣ ಊಹಿಸುವುದು ಕಷ್ಟವಲ್ಲ. ಇಂಗ್ಲೆಂಡಿನಲ್ಲಿ ಓಟ ಶನಿವಾರ ಬೆಳಿಗ್ಗೆ 9 ಗಂಟೆಗೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬಿಡುವಾಗಿರುವವರು ಯಾರು? ಕಚೇರಿಯವರು. ಓಟ ಮುಗಿಸಿ ಅವರು ಕಾಫಿ ಕುಡಿಯುವಾಗ, ಆ ಕಾಫಿಯನ್ನು ತಂದಿಡುವವನು ಓಡಿರುವುದಿಲ್ಲ. ಅವನು ಆರು ಗಂಟೆಯಿಂದಲೇ ಕೆಲಸದಲ್ಲಿದ್ದಾನೆ. ಲಂಡನ್ನಾಗಲಿ ಮಾಟುಂಗವಾಗಲಿ, ಈ ಮಾತು ಒಂದೇ. ಪ್ರವೇಶ ಶುಲ್ಕ ಇಲ್ಲದಿದ್ದರೂ ಈ ಆಟಕ್ಕೆ ಒಂದು ಬೆಲೆಯಿದೆ. ಅದು ಬಿಡುವು. ಬಿಡುವಿಲ್ಲದವನಿಗೆ ಪುಕ್ಕಟೆಯ ಆಟವೂ ದುಬಾರಿ.

ಇಲ್ಲಿಯೇ ನಮ್ಮ ಹೋರಾಟದ ಚರಿತ್ರೆ ನೆನಪಿಗೆ ಬರಬೇಕು. ವಾರಕ್ಕೊಂದು ರಜೆ ಎಂಬುದು ಆಕಾಶದಿಂದ ಉದುರಿದ್ದಲ್ಲ. ಮುಂಬಯಿಯ ಗಿರಣಿಗಳಲ್ಲಿ ಒಂದು ಕಾಲಕ್ಕೆ ವಾರದ ರಜೆಯೇ ಇರಲಿಲ್ಲ. ಮಹಾತ್ಮಾ ಜೋತಿರಾವ್ ಫುಲೆಯವರ ಸಹವರ್ತಿಗಳಾದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಗಿರಣಿ ಕಾರ್ಮಿಕರ ಸಂಘವನ್ನು ಕಟ್ಟಿದರು. ‘ದೀನಬಂಧು’ ಪತ್ರಿಕೆಯಲ್ಲಿ ಬರೆದರು. ಸಹಿ ಕೂಡಿಸಿ ಮನವಿ ಸಲ್ಲಿಸಿದರು. 1890ರ ಏಪ್ರಿಲಿನಲ್ಲಿ ಹತ್ತು ಸಾವಿರ ಕಾರ್ಮಿಕರ ಸಭೆ ನೆರೆಯಿತು. ಇಬ್ಬರು ಹೆಣ್ಣುಮಕ್ಕಳೂ ಅಲ್ಲಿ ಎದ್ದುನಿಂತು ಮಾತಾಡಿದರು. ಆ ವರ್ಷದ ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಉಪಾಹಾರಗೃಹ, ಅಂಗಡಿ, ನಾಟಕಶಾಲೆಗಳ ನೌಕರರಿಗೆ ವಾರಕ್ಕೊಂದು ರಜೆಯೆಂಬ ಕಾನೂನು 1942ರಷ್ಟು ಹಿಂದೆಯೇ ಈ ದೇಶದಲ್ಲಿ ಆಯಿತು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ಕೂಡ ವಾರದಲ್ಲಿ ಎಡೆಬಿಡದ 24 ಗಂಟೆಗಳ ರಜೆಯನ್ನು ವಿಧಿಸಿದೆ. ಹೀಗಿದ್ದೂ, ಹೋಟೆಲಿನಲ್ಲೇ ಉಂಡು ಹೋಟೆಲಿನಲ್ಲೇ ಮಲಗುವ ಎಷ್ಟು ಹುಡುಗರಿಗೆ ಆ ಇಡೀ ದಿನ ಕೈಗೆ ಸಿಕ್ಕುತ್ತದೆ? ರಜೆಯ ದಿನವೂ ‘ಸ್ವಲ್ಪ ಗಲ್ಲೆ ನೋಡಿಕೋ’, ‘ಒಂದು ಗಂಟೆ ಹಿಟ್ಟು ನೋಡಿಕೋ’ ಎಂಬ ಕೂಗು ಯಾರಿಗೆ ಕೇಳಿಬಂದಿಲ್ಲ? ಕಾನೂನಿನ ಬೇಲಿಯ ಹೊರಗೇ ಉಳಿದ ಸಣ್ಣ ಅಂಗಡಿಗಳ ಮಾತಂತೂ ಕೇಳುವುದೇ ಬೇಡ.

ಈ ಬರಹಕ್ಕೆ ಎರಡು ಆಕ್ಷೇಪಗಳು ಬರುವುದು ಖಂಡಿತ. ಮೊದಲನೆಯದು: ‘ಹನ್ನೆರಡು ಗಂಟೆ ನಿಂತು ದುಡಿಯುವವನಿಗೆ ಓಟದ ಉಪದೇಶವೇ? ಅವನಿಗೆ ಬೇಕಾದ್ದು ನಿದ್ದೆ.’ ಈ ಮಾತು ಅರ್ಧ ನಿಜ. ನಿದ್ದೆ ಸಾಲದವನು ಮೊದಲು ನಿದ್ದೆ ಮಾಡಲಿ. ಆದರೆ ದುಡಿಮೆಯ ದಣಿವೂ ವ್ಯಾಯಾಮದ ದಣಿವೂ ಮೈಗೆ ಒಂದೇ ಅಲ್ಲವೆಂದು ಹಲವು ವೈದ್ಯ ಸಂಶೋಧಕರು ಹೇಳುತ್ತಾರೆ. ಒಂದೇ ಕಡೆ ಗಂಟೆಗಟ್ಟಲೆ ನಿಂತರೆ ರಕ್ತ ಕಾಲಿನಲ್ಲಿ ಇಳಿದು ನಿಂತು, ಮೀನಖಂಡದ ನರಗಳು ಉಬ್ಬಿ ನೀಲಿಗಟ್ಟುತ್ತವೆ. ದೋಸೆಯ ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತವರ ಕಾಲನ್ನು ನೋಡಿದರೆ ಇದಕ್ಕೆ ಬೇರೆ ಸಾಕ್ಷಿ ಬೇಡ. ನಡೆಯುವಾಗ, ಮೆಲ್ಲಗೆ ಓಡುವಾಗ ಮೀನಖಂಡ ತಿದಿಯಂತೆ ಆಡಿ ಅದೇ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಬೆಳೆದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಹದವಾದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ಮಾಡಿದೆ. ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಎದೆನೋವು ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು, ನಡಿಗೆಯಿಂದಲೇ ಆರಂಭಿಸಬೇಕು. ಇಷ್ಟೇ ಅಲ್ಲ, ಊರು ಬಿಟ್ಟು ಬಂದು ಹೋಟೆಲಿನ ಅಟ್ಟದ ಮೇಲೆ ಒಂಟಿಯಾಗಿ ಮಲಗುವ ಹದಿನೆಂಟರ ಹುಡುಗನಿಗೆ, ವಾರಕ್ಕೊಮ್ಮೆ ಹೆಸರು ಹಿಡಿದು ಕರೆಯುವ ನಾಲ್ಕು ಜನ ಸಿಕ್ಕುವುದು ಯಾವ ಔಷಧಕ್ಕೂ ಕಡಿಮೆಯಲ್ಲ. ರಜೆಯ ದಿನ ಮಟ್ಕಾ ಚೀಟಿಯ ಕಡೆಗೋ ಬಾಟಲಿಯ ಕಡೆಗೋ ತಿರುಗುವ ಕಾಲು, ಮೈದಾನದ ಕಡೆಗೆ ತಿರುಗಲಿ ಎಂದು ಆಶಿಸಿದರೆ ತಪ್ಪೇನು?

ಎರಡನೆಯ ಆಕ್ಷೇಪ: ‘ಸಂಬಳ, ಬೋನಸ್ಸು, ಭವಿಷ್ಯನಿಧಿಗಳ ಮಾತು ಬಿಟ್ಟು ಸಂಘ ಆಟಕ್ಕೆ ಇಳಿಯಬೇಕೇ?’ ಆಟದ ನೆಪದಲ್ಲಿ ಬೇಡಿಕೆಗಳನ್ನು ಮರೆತರೆ ಆ ಆಟ ಹಾಳಾಗಲಿ. ಆದರೆ ಓಡಬೇಕೆಂದು ಬಯಸಿದವನಿಗೆ ಬಿಡುವಿನ ಬೆಲೆ ತಿಳಿಯುತ್ತದೆ. ‘ರಜೆ ಕೊಟ್ಟರೆ ಏನು ಮಾಡುತ್ತೀಯಾ, ಸುಮ್ಮನೆ ಮಲಗುತ್ತೀಯಾ’ ಎಂದು ಮಾಲೀಕ ಕೇಳಿದಾಗ ತಲೆ ಕೆರೆದುಕೊಳ್ಳುವವನಿಗಿಂತ, ‘ನನ್ನ ಜೊತೆಗಾರರು ಮೈದಾನದಲ್ಲಿ ಕಾಯುತ್ತಿದ್ದಾರೆ’ ಎಂದು ಹೇಳುವವನು ತನ್ನ ಹಕ್ಕನ್ನು ಸುಲಭವಾಗಿ ಬಿಟ್ಟುಕೊಡಲಾರ. ರಾತ್ರಿಶಾಲೆಗಳ ಕಾಲದಲ್ಲಿಯೂ ನಡೆದದ್ದು ಇದೇ. ಸಂಜೆ ಪಾಠಕ್ಕೆ ಹೋಗಬೇಕೆಂದು ಹಟ ಹಿಡಿದ ಹೋಟೆಲು ಹುಡುಗರೇ ಕೆಲಸದ ಗಂಟೆಗಳಿಗೆ ಒಂದು ಕೊನೆಯಿರಬೇಕೆಂಬ ಮಾತನ್ನು ಗಟ್ಟಿಯಾಗಿ ಹೇಳಲು ಕಲಿತರು.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಕೆಲವು ಸಲಹೆಗಳನ್ನು ಇಡಬಹುದು. ಮೊದಲನೆಯದಾಗಿ, ಓಟ ಒಂದೇ ದಿನಕ್ಕೆ ಕಟ್ಟುಬಿದ್ದಿರಬಾರದು. ಕಾರ್ಖಾನೆಯವರಿಗೆ ಭಾನುವಾರ ಬೆಳಿಗ್ಗೆ ಅನುಕೂಲ. ಹೋಟೆಲಿನವರಿಗೆ ಭಾನುವಾರವೇ ವ್ಯಾಪಾರದ ದಿನ. ಹೀಗಿರುವಲ್ಲಿ ವಾರಕ್ಕೊಂದು ಪಣವನ್ನು ಸಂಘದ ವಾಚನಾಲಯದ ಹಲಗೆಯ ಮೇಲೆ ಬರೆದು, ಏಳು ದಿನಗಳಲ್ಲಿ ತನ್ನ ರಜೆಯ ದಿನ ಯಾರು ಬೇಕಾದರೂ ಪೂರೈಸುವಂತೆ ಇರಲಿ. ಜೊತೆಗೆ ಒಬ್ಬ ಸಂಗಾತಿ ಸಾಕ್ಷಿಗಿದ್ದರೆ ಸಾಕು. ಶಿವಾಜಿ ಪಾರ್ಕ್ ಆಗಲಿ, ಆಜಾದ್ ಮೈದಾನವಾಗಲಿ, ಕಡಲ ದಂಡೆಯಾಗಲಿ, ಹತ್ತಿರವಿದ್ದದ್ದು ಸರಿ. ಎರಡನೆಯದಾಗಿ, ಪಣಗಳು ಬಲವಂತರಿಗೆ ಮಾತ್ರ ಅನುಕೂಲವಾಗಿರಬಾರದು. ಗಡಿಯಾರ ನೋಡದೆ ಅರ್ಧ ಗಂಟೆ ಓಡಿ ಅಥವಾ ನಡೆದು ನಿಲ್ಲಿ. ಮೂವತ್ತು ನಿಮಿಷಕ್ಕೆ ಅತಿ ಹತ್ತಿರ ನಿಂತವನೇ ಗೆದ್ದವನು. ಹೋಗುವಾಗಿನ ಹೊತ್ತಿಗಿಂತ ಬರುವಾಗಿನ ಹೊತ್ತು ಕಡಿಮೆಯಾಗಲಿ. ಹೊಸಬನೊಬ್ಬನನ್ನು ಕರೆತಂದವನಿಗೆ ಎರಡು ಗೆರೆ. ಅಕ್ಷರಮಾಲೆಯ ಪಣವನ್ನು ನಾವು ಕನ್ನಡದಲ್ಲೇ ಆಡೋಣ: ಅಂಧೇರಿಯಿಂದ ‘ಅ’, ಖಾರ್‌ನಿಂದ ‘ಖ’, ಘಾಟ್‌ಕೋಪರಿನಿಂದ ‘ಘ’, ಠಾಣೆಯಿಂದ ‘ಠ’. ‘ಣ’ಕಾರಕ್ಕೂ ‘ಳ’ಕಾರಕ್ಕೂ ಊರು ಹುಡುಕುವುದು ಬೇಡ, ಇಂಗ್ಲಿಷರು ಎಕ್ಸನ್ನು ಬಿಟ್ಟಂತೆ ಅವನ್ನು ಬಿಟ್ಟುಬಿಡೋಣ. ಈ ಮಹಾನಗರದಲ್ಲಿ ಹುಟ್ಟಿ ಕನ್ನಡ ಓದಲು ತೊಡಕುಪಡುವ ನಮ್ಮ ಮಕ್ಕಳೂ ಈ ನೆಪದಲ್ಲಿ ವರ್ಣಮಾಲೆಯನ್ನು ಒಂದು ಸಾರಿ ಪೂರ್ತಿಯಾಗಿ ನೋಡಿಯಾರು.

ಮೂರನೆಯದಾಗಿ, ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರು ಈ ಕಾರ್ಯದಲ್ಲಿ ಮುಂದೆ ಬರಬೇಕು. 1982ರ ದೊಡ್ಡ ಮುಷ್ಕರವನ್ನೂ ಅದರ ನಂತರ ಒಂದೊಂದೇ ಗಿರಣಿಯ ಬಾಗಿಲು ಮುಚ್ಚಿದ್ದನ್ನೂ ಕಂಡವರು ಇವರು. ಗಡಿಯಾರ ಹಿಡಿಯುವುದಕ್ಕೆ, ಎಲ್ಲರ ಹಿಂದೆ ನಡೆದು ಬರುವುದಕ್ಕೆ ಇವರಿಗಿಂತ ತಕ್ಕವರಿಲ್ಲ. ಹಿಂದೆ ನಡೆಯುವ ಅಜ್ಜನ ಜೊತೆ ಹೆಜ್ಜೆ ಹಾಕುವ ಹುಡುಗನಿಗೆ ಸಂಘದ ಚರಿತ್ರೆ ತಾನಾಗಿ ಕಿವಿಗೆ ಬೀಳುತ್ತದೆ. ನಾಲ್ಕನೆಯದಾಗಿ, ಹೆಣ್ಣುಮಕ್ಕಳನ್ನು ಮರೆಯಬಾರದು. ಖಾನಾವಳಿಗಳಲ್ಲೂ ಮನೆಗೆಲಸದಲ್ಲೂ ದುಡಿಯುವ ನಮ್ಮ ಅಕ್ಕತಂಗಿಯರಿಗೆ ರಜೆಯ ದಿನವೂ ಮನೆಯ ಒಲೆ ತಪ್ಪುವುದಿಲ್ಲ. ಅವರು ಮೈದಾನಕ್ಕೆ ಬರಬೇಕಾದರೆ ಮನೆಯ ಗಂಡಸರು ಅಂದಿನ ಅಡಿಗೆಯನ್ನು ವಹಿಸಿಕೊಳ್ಳಲಿ. ಹೋಟೆಲಿನವರಿಗೆ ಅದೇನು ಹೊಸ ವಿದ್ಯೆಯಲ್ಲ. ಕೊನೆಯದಾಗಿ, ಯಾವ ಮಾಲೀಕರ ಅಥವಾ ಕಂಪನಿಯ ಹೆಸರೂ ನಮ್ಮ ಬೆನ್ನಿನ ಮೇಲೆ ಬೇಡ. ಪಾರ್ಕ್‌ರನ್ನಿಗೆ ದೊಡ್ಡ ಕಂಪನಿಗಳ ನೆರವುಂಟು. ಅಷ್ಟು ದೊಡ್ಡ ಕಾರ್ಯಕ್ಕೆ ಅದು ಬೇಕಾಯಿತೇನೋ. ನಮ್ಮದಕ್ಕೆ ಒಂದು ಕರಿಹಲಗೆ, ಒಂದು ತುಂಡು ಸೀಮೆಸುಣ್ಣ, ಸಾಧಾರಣವಾದ ಕ್ಯಾನ್ವಾಸ್ ಜೋಡು ಸಾಕು. ಓಟದ ನಂತರದ ಕಾಫಿಯನ್ನು ಹೇಗೆ ಮಾಡಬೇಕೆಂದು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಕಾರ್ಮಿಕ ಬಂಧುಗಳೇ, 1890ರಲ್ಲಿ ನಮ್ಮ ಹಿರಿಯರು ವಾರದಲ್ಲಿ ಒಂದು ದಿನವನ್ನು ಗಳಿಸಿಕೊಟ್ಟರು. ಆ ದಿನ ನಮಗೆ ಪೂರ್ತಿಯಾಗಿ ಸಿಕ್ಕುವಂತೆ ನೋಡಿಕೊಳ್ಳುವುದೂ, ಸಿಕ್ಕಿದ ದಿನವನ್ನು ಚೆನ್ನಾಗಿ ಕಳೆಯುವುದೂ ನಮ್ಮ ಹೊಣೆ. ಸಂಘದ ಮುಂದಿನ ಸಭೆಯಲ್ಲಿ ಈ ಎರಡು ಗೊತ್ತುವಳಿಗಳೂ ಒಟ್ಟಿಗೆ ಬರಲಿ: ಪ್ರತಿಯೊಬ್ಬ ಹೋಟೆಲು ಕಾರ್ಮಿಕನಿಗೂ ಕಾನೂನಿನಂತೆ ವಾರಕ್ಕೊಂದು ಪೂರ್ತಿ ದಿನದ ಬಿಡುವು, ಆ ಬಿಡುವಿನಲ್ಲಿ ಜೊತೆಗೂಡಿ ಒಂದು ಓಟ. ಮೊದಲ ವಾರ ಹದಿಮೂರು ಜನ ಬಂದರೂ ಸಾಕು. ಬುಶಿ ಪಾರ್ಕಿನಲ್ಲಿ ಬಂದವರೂ ಅಷ್ಟೇ ಜನ.